ಬಿಳಿ ಅರೆಯುತ್ತಿದ್ದ ಕೋಣೆ

ಆ ವರ್ಷ ನಮ್ಮ ಮನೆಯಲ್ಲಿ ಎರಡು ಕಲ್ಲುಗಳು ಸದ್ದು ಮಾಡುತ್ತಿದ್ದವು. ಒಂದು ಅಡುಗೆಮನೆಯ ಒರಳು. ಅವ್ವ ಬೆಳಿಗ್ಗೆ ಅದರ ಮುಂದೆ ಕೂತು ಕಾಯಿ, ಮೆಣಸಿನಕಾಯಿ ರುಬ್ಬುವಾಗ ಅದು ಗಡಗಡ ಎನ್ನುತ್ತಿತ್ತು. ಆ ಸದ್ದು ಕೇಳಿದರೇ ನನಗೆ ಹಸಿವಾಗುತ್ತಿತ್ತು. ಇನ್ನೊಂದು ಜಗಲಿಯ ಕೊನೆಯ ಕೋಣೆಯಲ್ಲಿದ್ದ ಚಪ್ಪಟೆ ಕಲ್ಲು. ಅದರ ಸದ್ದು ಬೇರೆ. ಸಣ್ಣಗೆ, ಒಂದೇ ಸಮನೆ, ನಿದ್ದೆಯಲ್ಲಿ ಯಾರೋ ಹಲ್ಲು ಕಡಿಯುವ ಹಾಗೆ. ಆ ಕಲ್ಲಿನ ಮೇಲೆ ನನ್ನ ಚಿಕ್ಕವ್ವ ಬಿಳಿ ಬಣ್ಣ ಅರೆಯುತ್ತಿದ್ದರು. ಅಜ್ಜಿ ತುಳಸಿಗೆ ನೀರು ಹಾಕಿ ಬರುವಾಗ ಆ ಬಾಗಿಲ ಮುಂದೆ ಮಾತ್ರ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.

ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಕಾಫಿ ತೋಟ. ದೊಡ್ಡ ಎಸ್ಟೇಟೇನಲ್ಲ, ಹಣ್ಣು ಕೊಯ್ಯುವ ಪಿಕಿಂಗ್ ಶುರುವಾದರೆ ಅಪ್ಪನೇ ತಕ್ಕಡಿ ಹಿಡಿದು ನಿಲ್ಲುವಷ್ಟು. ಮಡಿಕೇರಿಯಲ್ಲಿ ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು ಇದ್ದ ಕಾಲ ಅದು. ಕೊಡಗು ಮೈಸೂರಿಗೆ ಸೇರುತ್ತದೆಯೋ ಇಲ್ಲವೋ ಎಂದು ಜಗಲಿಗೆ ಬಂದವರೆಲ್ಲ ವಾದ ಮಾಡುತ್ತಿದ್ದರು. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ನಾನು. ಅಪ್ಪನ ತಮ್ಮ ಶಂಕರ ಚಿಕ್ಕಪ್ಪ ಮದರಾಸಿನಲ್ಲಿ ಚಿತ್ರಕಲೆ ಕಲಿಯಲು ಹೋದವರು ಅಲ್ಲೇ ಉಳಿದು, ಜೊತೆಗೆ ಕಲಿಯುತ್ತಿದ್ದ ಮಂಗಳೂರು ಕಡೆಯ ಯಮುನಾ ಎಂಬುವರನ್ನು ಮದುವೆಯಾಗಿದ್ದರು. ಆ ಸಲ ಕಾಫಿ ಹಣ್ಣಾಗುವ ಹೊತ್ತಿಗೆ ಅವರನ್ನು ಕರೆತಂದು, ಮದರಾಸಿನ ಸೆಕೆ ಇವಳಿಗೆ ಆಗುವುದಿಲ್ಲ, ಸ್ವಲ್ಪ ಕಾಲ ಇಲ್ಲಿರಲಿ ಎಂದು ಹೇಳಿ ತಾವು ವಾಪಸು ಹೋದರು. ಚೀಲ ಇಡುತ್ತಿದ್ದ ಕೋಣೆಯನ್ನು ಚಿಕ್ಕವ್ವನ ಚಿತ್ರದ ಕೆಲಸಕ್ಕೆ ಬಿಟ್ಟುಕೊಟ್ಟರು. ಅವರ ಜೊತೆ ಬಂದದ್ದು ಒಂದು ಟ್ರಂಕು ಬಟ್ಟೆ, ಸುತ್ತಿದ ದಪ್ಪ ಕ್ಯಾನ್ವಾಸು, ಅಗಸೆ ಎಣ್ಣೆಯ ಡಬ್ಬ, ಮತ್ತೆ ಕಿಟಕಿ ಬಾಗಿಲಿಗೆ ಬಳಿಯುವ ಸಫೇದ ಎಂಬ ಬಿಳಿ ಪುಡಿ ತುಂಬಿದ ತಗಡಿನ ಡಬ್ಬಗಳು. ಆ ಪುಡಿಯನ್ನು ಎಣ್ಣೆ ಹಾಕಿ ಅರೆದರೆ ಬೆಣ್ಣೆಯ ಹಾಗಾಗುತ್ತಿತ್ತು. ಒಮ್ಮೆ ಬೆರಳಿಡಲು ಹೋದೆ. ಚಿಕ್ಕವ್ವ ನನ್ನ ಕೈಗೆ ಪಟ್ಟನೆ ಹೊಡೆದರು.

"ಬಿಳಿ ಮುಟ್ಟುದು ಬೇಡ ಗೌರಿ. ನಿಂಗೆ ಮಸಿ ಕೊಡ್ತೇನೆ, ಅದನ್ನು ಅರಿ."

ಹಾಗೆ ನಾನು ದೀಪದ ಮಸಿ ಅರೆಯುವವಳಾದೆ. ಶಾಲೆಯಿಂದ ಬಂದು, ಬೆಲ್ಲದ ಕಾಫಿ ಕುಡಿದು, ಆ ಕೋಣೆಯ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಒಳಗೆ ಕೂರಲು ಚಿಕ್ಕವ್ವ ಬಿಡುತ್ತಿರಲಿಲ್ಲ. ಅಂಗಳದ ಕಣದಲ್ಲಿ ಕಾಫಿ ಒಣಗುವ ಕಾಲ. ಹಗಲೆಲ್ಲ ಹೊಟ್ಟು, ಧೂಳು. ಅದು ಹಸಿ ಬಣ್ಣಕ್ಕೆ ಕೂರುತ್ತದೆಂದು ಕಿಟಕಿಗೆ ಗೋಣಿ ಕಟ್ಟಿದ್ದರು. ಬಿಳಿ ಅರೆಯುವಾಗ ಬಾಗಿಲೂ ಹಾಕಿಕೊಳ್ಳುತ್ತಿದ್ದರು. ತೆರೆದಾಗ ಅವರ ಹುಬ್ಬು, ರೆಪ್ಪೆ, ಮೂಗಿನ ತುದಿಯ ಮೇಲೆಲ್ಲ ತೆಳ್ಳಗೆ ಬಿಳಿ ಕೂತಿರುತ್ತಿತ್ತು. ನನಗದು ತಮಾಷೆ. ಅಜ್ಜಿ ಮಾತ್ರ ಆ ಮುಖ ನೋಡಿದಾಗೆಲ್ಲ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದರು.

ಚಿಕ್ಕಪ್ಪ, ಅವರ ಮೇಷ್ಟ್ರು, ಇನ್ನು ನಾಲ್ಕಾರು ಗೆಳೆಯರು ಸೇರಿ ಮದರಾಸಿನಲ್ಲಿ ಒಂದು ಗುಂಪು ಕಟ್ಟಿದ್ದರು. ಇಂಗ್ಲಿಷರು ಕಲಿಸಿದಂತೆ ಬೆಟ್ಟ, ಹೊಳೆ, ದೋಣಿ ಬರೆಯುವುದೂ ಸಾಕು, ಹಳೆಯ ಗುಹೆಗಳ ಗೋಡೆ ನೋಡಿಕೊಂಡು ನಾಜೂಕು ಸುಂದರಿಯರನ್ನು ಬರೆಯುವುದೂ ಸಾಕು ಎಂಬುದು ಅವರ ವಾದ. ಇವತ್ತು ಆ ಗುಂಪಿನ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ದಪ್ಪ ಕಪ್ಪು ಗೆರೆ, ಹಿಂದೆ ಮುಂದೆ ಏನೂ ಇಲ್ಲದೆ ಬಿಳಿಯ ಮೇಲೆ ನಿಂತ ಭಾರದ ದೇಹಗಳು, ಇವು ಆ ಗುಂಪು ನಮ್ಮ ಚಿತ್ರಕಲೆಗೆ ಕೊಟ್ಟ ಹೊಸ ಭಾಷೆ ಎಂದು ಅವುಗಳಲ್ಲಿ ಬರೆದಿದೆ. ಆ ಭಾಷೆ ಎಲ್ಲಿಂದ ಬಂತೆಂದು ನಾನು ಹೊಸ್ತಿಲ ಮೇಲೆ ಕೂತು ಕೇಳಿದ್ದೇನೆ. ಹೇಳುವಾಗ ಚಿಕ್ಕವ್ವನಿಗೆ ಜಂಬವಿರಲಿಲ್ಲ. ಅಡುಗೆಯ ಹದ ಹೇಳುವ ಹಾಗೆ ಹೇಳಿದ್ದರು.

"ಕಪ್ಪು ಅಂದ್ರೆ ನೆರಳಲ್ಲ. ಅದಕ್ಕೂ ತೂಕ ಉಂಟು. ನಾನು ಮೊದಲು ಹಾಗೆ ಬರೆದಾಗ ಜೊತೆಗೆ ಕಲಿಯುವವರೆಲ್ಲ ನಕ್ಕರು, ಒಲೆಕಟ್ಟೆಗೆ ಬಳಿದ ಹಾಗೆ ಉಂಟು ಅಂತ. ಆಮೇಲೆ ಒಬ್ಬೊಬ್ಬರೇ ಹಾಗೇ ಬರೀಲಿಕ್ಕೆ ಶುರು ಮಾಡಿದರು. ಈಗ ಯಾರೂ ನಗುದಿಲ್ಲ."

"ಚಿಕ್ಕಪ್ಪನೂ ಹಂಗೇ ಬರೀತಾರಾ?"

"ನಿನ್ನ ಚಿಕ್ಕಪ್ಪ ಚೆನ್ನಾಗಿ ಮಾತಾಡ್ತಾರೆ," ಎಂದು ಹೇಳಿ ಅವರು ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡಿಕೊಂಡರು. ಸೂಜಿಗೆ ದಾರ ಪೋಣಿಸುವಾಗ ಹೆಂಗಸರು ಮಾಡುವ ಹಾಗೆ. ದಿನವಿಡೀ ಅದೇ ಅವರ ಅಭ್ಯಾಸ.

ಬಂದ ಹೊಸದರಲ್ಲಿ ಚಿಕ್ಕವ್ವ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ಕೂತು ಅವ್ವ ಕೆಲಸ ಮಾಡುವುದನ್ನೇ ನೋಡುತ್ತಿದ್ದರು. ಒಂದು ಕಾಯಿ ತುರಿದುಕೊಡಲಿಲ್ಲ, ಒಂದು ಲೋಟ ತೊಳೆಯಲಿಲ್ಲ. ಅಜ್ಜಿ ಗೊಣಗಿದರು. ಕೊನೆಗೊಂದು ಮಧ್ಯಾಹ್ನ ಅವರು ಅವ್ವನ ಕೈ ಹಿಡಿದು ಕೋಣೆಗೆ ಕರೆದುಕೊಂಡು ಹೋದರು. ನಾನೂ ಅಜ್ಜಿಯೂ ಹಿಂದೆಯೇ ಹೋದೆವು. ಗೋಡೆಗೆ ಒರಗಿಸಿದ ಕ್ಯಾನ್ವಾಸಿನ ಮೇಲೆ ಒಲೆಯ ಮುಂದೆ ಬಗ್ಗಿದ ಒಬ್ಬ ಹೆಂಗಸು. ಕುತ್ತಿಗೆ ಇಲ್ಲ, ಮುಖ ಇಲ್ಲ. ಇದ್ದದ್ದೆಲ್ಲ ಒಂದು ಬೆನ್ನು. ಬಾಗಿಲಿಗೆ ಅಡ್ಡ ನಿಂತ ಎಮ್ಮೆಯ ಬೆನ್ನಿನಷ್ಟು ದೊಡ್ಡದು. ಸುತ್ತ ಹೆಬ್ಬೆರಳು ಗಾತ್ರದ ಕಪ್ಪು ಗೆರೆ. ಒಳಗೆ ಕಣ್ಣು ಕುಕ್ಕುವ ಬಿಳಿ. ಅವ್ವ ಸೆರಗಿನ ತುದಿ ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದರು.

"ನನ್ ಸೊಂಟ ನೋಯೋದು ಇವಳಿಗೆ ಹೆಂಗೆ ಗೊತ್ತಾಯ್ತು?" ಎಂದು ಯಾರನ್ನೋ ಕೇಳುವಂತೆ ಮೆಲ್ಲಗೆ ಕೇಳಿದರು.

ಅಜ್ಜಿ ಒಳಗೇ ಬರಲಿಲ್ಲ. "ಮುಖ ಇಲ್ದಿರೋ ಹೆಂಗಸು ಮನೆ ಒಳಗೆ ಇರಬಾರ್ದು. ಗೋಡೆ ಕಡೆ ತಿರುಗಿಸಿ ಇಡು," ಎಂದು ಬಾಗಿಲಲ್ಲೇ ಹೇಳಿ ಹೋದರು.

ಅವತ್ತಿನಿಂದ ಅವ್ವ ಚಿಕ್ಕವ್ವನಿಗೆ ಒಂದು ಮಾತೂ ಅನ್ನಲಿಲ್ಲ. ಅವರ ಪಾಲಿನ ಕೆಲಸವನ್ನೂ ತಾವೇ ಮಾಡಿದರು. ರೊಟ್ಟಿ ಬಿಸಿಯಿದ್ದಾಗಲೇ ತಟ್ಟೆಯಲ್ಲಿ ಹಾಕಿ ಆ ಕೋಣೆಗೆ ಕಳಿಸುತ್ತಿದ್ದರು. ಬಣ್ಣದ ಕೈಯಲ್ಲೇ ಚಿಕ್ಕವ್ವ ಅದನ್ನು ಮುರಿದು ತಿನ್ನುತ್ತಿದ್ದರು. ರೊಟ್ಟಿಯ ಮೇಲೆ ಅವರ ಬೆರಳಿನ ಬಿಳಿ ಗುರುತು ಮೂಡುತ್ತಿತ್ತು.

ಕೆಡುಕು ಮೊದಲು ಕೋಳಿಗಳಲ್ಲಿ ಕಾಣಿಸಿಕೊಂಡಿತು. ಕೋಣೆಯ ಹಿಂದೆ, ಚಿಕ್ಕವ್ವ ಕಲ್ಲು ತೊಳೆದ ನೀರು ಚೆಲ್ಲುವ ಜಾಗದಲ್ಲಿ, ನಮ್ಮ ಕೋಳಿಗಳು ಕೆದಕುತ್ತಿದ್ದವು. ಒಂದು ದಿನ ಕೆಂಪು ಹೇಟೆ ರೆಕ್ಕೆ ಇಳಿಬಿಟ್ಟುಕೊಂಡು ಓಲಾಡುತ್ತ ಬಂದು ಕಣದ ಮಧ್ಯೆ ಕೂತುಬಿಟ್ಟಿತು. ಏಳಲೇ ಇಲ್ಲ. ಆಮೇಲೆ ಇನ್ನೊಂದು, ಮತ್ತೊಂದು. ಕೋಳಿಗೆ ಬರುವ ರೋಗವಾದರೆ ಒಂದೇ ಸಲಕ್ಕೆ ಗೂಡೆಲ್ಲ ಖಾಲಿಯಾಗುತ್ತದೆ. ಇವು ಒಂದೊಂದಾಗಿ, ಸಾವಕಾಶವಾಗಿ, ಕಾಲು ಎಳೆಯುತ್ತ ಸತ್ತವು. ಅಜ್ಜಿ ಒಂದು ಸಂಜೆ ಅಪ್ಪನ ಮುಂದೆ ಹೇಳಿದರು:

"ಆ ಪಟಗಳು ಬಂದ ಮೇಲೆ ಮನೇಲಿ ಒಂದು ಜೀವ ನೆಟ್ಟಗಿಲ್ಲ. ಇವತ್ತು ಕೋಳಿ. ನಾಳೆ ಯಾರೋ."

"ಸುಮ್ನಿರವ್ವ. ಕಾಡುಬೆಕ್ಕು ಮುಟ್ಟಿರಬೇಕು," ಎಂದರು ಅಪ್ಪ. ಆದರೆ ಸತ್ತ ಕೋಳಿಯನ್ನು ಸಾರಿಗೆ ಹಾಕಲು ಅವರೂ ಬಿಡಲಿಲ್ಲ. ದೂರ ಒಯ್ದು ಹೂಳಿಸಿದರು.

ಅವರೆಕಾಳಿನ ಸಮಯಕ್ಕೆ ಚಿಕ್ಕವ್ವನಿಗೆ ಹೊಟ್ಟೆನೋವು ಹಿಡಿಯಿತು. ಊಟಕ್ಕೆ ಕೂತವರು ತಟ್ಟೆ ಸರಿಸಿ, ಮೊಣಕಾಲು ಎದೆಗೆ ಒತ್ತಿಕೊಂಡು, ಹಲ್ಲು ಕಚ್ಚಿ ಹಾಗೇ ಕೂರುತ್ತಿದ್ದರು. ಬಸಿರಿರಬಹುದೆಂದು ಅವ್ವ ಮೊದಲು ಮುಖ ಅರಳಿಸಿದ್ದರು. ಅದಲ್ಲ ಎಂದು ಬೇಗ ಗೊತ್ತಾಯಿತು. ಪೇಟೆಯ ಕಾಂಪೌಂಡರ್ ಕೊಟ್ಟ ಹರಳೆಣ್ಣೆ, ಕೆಂಪು ಔಷಧಿಗೆ ನೋವು ಒಂದು ದಿನ ಹಿಂದೆ ಸರಿದು, ಮಾರನೆಯ ದಿನ ಮತ್ತೆ ಬರುತ್ತಿತ್ತು. ಅವರ ಮುಖದ ಬಣ್ಣವೇ ಹೋಯಿತು. ನಕ್ಕರೆ ಹಲ್ಲಿನ ಬುಡದಲ್ಲಿ, ಒಸಡಿನ ಉದ್ದಕ್ಕೂ, ಪೆನ್ಸಿಲಿನಲ್ಲಿ ಎಳೆದ ಹಾಗೆ ನೀಲಿಗಪ್ಪು ಗೆರೆ ಕಾಣುತ್ತಿತ್ತು. ಮಸಿ ಮೆತ್ತಿದೆ, ಬಾಯಿ ಮುಕ್ಕಳಿಸಿ ಎಂದು ನಾನೇ ಹೇಳಿದೆ. ಮುಕ್ಕಳಿಸಿದರು. ಹೋಗಲಿಲ್ಲ.

ಚಿಕ್ಕಪ್ಪ ಬಂದದ್ದು ಆಗ. ಜೊತೆಗೆ ಮೇಷ್ಟ್ರೂ ಬಂದಿದ್ದರು. ಮೈಸೂರು ಕಡೆಯ ಮನೆತನ, ಮದರಾಸಿನಲ್ಲೇ ಬೆಳೆದವರು. ಬಿಳಿ ಪಂಚೆ, ಕರಿ ಕೋಟು, ಮಾತಿನ ತುಂಬ ಇಂಗ್ಲಿಷು. ಚಿಕ್ಕಪ್ಪ ಬಂದರೆಂದರೆ ಮನೆಗೆ ಹಬ್ಬ. ನನಗೆ ಬಿಸ್ಕತ್ತಿನ ಡಬ್ಬ, ಅಜ್ಜಿಗೆ ಶಾಲು, ಅಪ್ಪನಿಗೆ ಪಟ್ಟಣದ ರಾಜಕೀಯದ ಸುದ್ದಿ. ಅವರು ಕೆಟ್ಟವರು ಎಂದು ಯಾರಾದರೂ ಅಂದಿದ್ದರೆ ಆಗ ನಾನು ಜಗಳಕ್ಕೆ ಹೋಗುತ್ತಿದ್ದೆ. ಈಗಲೂ ಆ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ. ಅವರು ಬರೆಯುತ್ತಿದ್ದ ಬೆಟ್ಟ, ಕೆರೆಗಳನ್ನು ಎಲ್ಲರೂ ಹೊಗಳುತ್ತಿದ್ದರು, ನೋಡಿದ ಮೇಲೆ ಮರೆತುಬಿಡುತ್ತಿದ್ದರು. ಅದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. ಊಟವಾದ ಮೇಲೆ ಮೇಷ್ಟ್ರನ್ನು ಕೋಣೆಗೆ ಕರೆದೊಯ್ದರು. ಗೋಡೆ ಕಡೆ ತಿರುಗಿಸಿಟ್ಟ ಕ್ಯಾನ್ವಾಸುಗಳನ್ನು ಚಿಕ್ಕಪ್ಪ ಒಂದೊಂದಾಗಿ ತಿರುಗಿಸಿದರು: ಒಲೆಯ ಮುಂದಿನ ಹೆಂಗಸು, ಹೊರೆ ಹೊತ್ತ ಮುದುಕಿ, ಬಾವಿಕಟ್ಟೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಚಿಕ್ಕವ್ವ ಆ ಹೊತ್ತಿನಲ್ಲಿ ನೋವು ತಡೆಯಲಾರದೆ ಅಡುಗೆಮನೆಯಲ್ಲಿ ಮಲಗಿದ್ದರು. ನಾನು ಹೊಸ್ತಿಲಲ್ಲಿದ್ದೆ.

"ಏನಯ್ಯಾ ಶಂಕರ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಇವನ್ನ? ಯಾರದು ಇದೆಲ್ಲ?"

ಚಿಕ್ಕಪ್ಪ ಕಿಟಕಿಗೆ ಕಟ್ಟಿದ್ದ ಗೋಣಿಯನ್ನು ನೋಡಿದರು. ಆಮೇಲೆ ನಕ್ಕು ಹೇಳಿದರು:

"ನಮ್ಮದು, ಸರ್."

ಮೇಷ್ಟ್ರು ಅವರ ಬೆನ್ನು ತಟ್ಟಿದರು. ಚಿಕ್ಕಪ್ಪ ಸುಳ್ಳು ಹೇಳಲಿಲ್ಲ. ನಮ್ಮ ಮನೆ, ನಮ್ಮ ತೋಟ, ನಮ್ಮ ಹಸು ಎನ್ನುವ ಹಾಗೆ ನಮ್ಮ ಚಿತ್ರ ಎಂದರು. ಬೆನ್ನು ತಟ್ಟಿದ ಮೇಲೆ ತಿದ್ದಲಿಲ್ಲ, ಅಷ್ಟೆ. ನಾನು ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರಾದೆ, ಸಂಸಾರ ಮಾಡಿದೆ, ಸಭೆ ಸಮಿತಿಗಳಲ್ಲಿ ಕೂತೆ. ಎಲ್ಲಿಯಾದರೂ ಯಾರಾದರೂ "ಇದು ನಮ್ಮದು" ಎಂದರೆ, ಅಂದರೆ ಯಾರದು ಎಂದು ಕೇಳುವ ಚಾಳಿ ನನಗಿದೆ. ಅದರಿಂದ ಜಗಳಗಂಟಿ ಎಂಬ ಹೆಸರು ಬಂತು. ಆ ಚಾಳಿ ಹುಟ್ಟಿದ್ದು ಆ ಹೊಸ್ತಿಲಲ್ಲಿ.

ಸಂಜೆ ಮೇಷ್ಟ್ರು ಅಪ್ಪನ ಜೊತೆ ತೋಟ ನೋಡಲು ಹೋದಾಗ ನಾನು ಕೇಳಿದ್ದನ್ನು ಕೇಳಿದ ಹಾಗೇ ಅವ್ವನಿಗೆ ಹೇಳಿದೆ. ಚಿಕ್ಕವ್ವ ಅಲ್ಲೇ ಇದ್ದರು. ಅವ್ವ ಸೌಟು ಕೆಳಗಿಟ್ಟರು. ಚಿಕ್ಕಪ್ಪ ಕಾಫಿಗೆಂದು ಒಳಗೆ ಬಂದರು. ನಮ್ಮ ಅವ್ವ ಮೈದುನನ ಮುಂದೆ ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಆ ದಿನದವರೆಗೆ ಕೇಳಿರಲಿಲ್ಲ.

"ಶಂಕರಪ್ಪ, ಆ ಪಟ ಯಾರದು?"

"ಅತ್ತಿಗೆ, ನಿಮಗೆ ಅಲ್ಲಿನ ವಿಷಯ ಗೊತ್ತಾಗಲ್ಲ. ಹೆಂಗಸಿನ ಹೆಸರು ಹಾಕಿದ್ರೆ ರಂಗೋಲಿ, ಕಸೂತಿ ಅಂತ ಬದಿಗಿಡ್ತಾರೆ. ಮೊದ್ಲು ಚಿತ್ರ ಜನ ನೋಡ್ಲಿ. ಆಮೇಲೆ ಹೆಸ್ರು ಹೇಳೋಣ."

"ಆಮೇಲೆ ಅಂದ್ರೆ ಯಾವಾಗ?"

ಚಿಕ್ಕಪ್ಪ ಚಿಕ್ಕವ್ವನ ಕಡೆ ನೋಡಿದರು. ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು.

"ನಂಗೆ ದೊಡ್ಡದೊಂದು ಬರೀಲಿಕ್ಕೆ ಉಂಟು," ಎಂದರು. "ಬಿಳಿ ಮುಗಿದಿದೆ. ತಂದುಕೊಡಿ. ಸತುವಿನ ಬಿಳಿ ತರಬೇಡಿ, ಅದು ನಿಲ್ಲುದಿಲ್ಲ, ತೆಳು. ಇದನ್ನೇ ತನ್ನಿ."

ಚಿಕ್ಕಪ್ಪ ಮಡಿಕೇರಿಗೆ ಹೋಗಿ ತಂದರು. ಮೊದಲಿಗಿಂತ ದೊಡ್ಡ ಡಬ್ಬಗಳು. ಅವನ್ನು ಅವರೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಜೋಡಿಸಿಟ್ಟದ್ದನ್ನು ನಾನು ನೋಡಿದ್ದೇನೆ. ಮುಗಿದಿದ್ದ ಚಿತ್ರಗಳನ್ನು ಗೋಣಿಯಲ್ಲಿ ಸುತ್ತಿಸಿಕೊಂಡು ಅವರೂ ಮೇಷ್ಟ್ರೂ ಹೊರಟರು. ಸೆಕೆಗಾಲದಲ್ಲಿ ಮದರಾಸಿನಲ್ಲಿ ಗುಂಪಿನ ದೊಡ್ಡ ಪ್ರದರ್ಶನ; ಅದಕ್ಕೆ ದೊಡ್ಡ ಚಿತ್ರ ಬೇಕೇ ಬೇಕು ಎಂದು ಹೇಳಿ ಹೋದರು.

ದೊಡ್ಡ ಚಿತ್ರ ಗೋಡೆಯಷ್ಟಿತ್ತು. ಪಿಕಿಂಗ್ ಮುಗಿದ ಸಂಜೆ ಕೂಲಿಯವರ ಲೈನ್ ಮನೆಗಳ ಹೆಂಗಸರು ತೂಕಕ್ಕೆ ಸಾಲಾಗಿ ನಿಲ್ಲುತ್ತಾರಲ್ಲ, ಅದು. ತಲೆಯ ಮೇಲೆ ಚೀಲ, ಚೀಲದ ಕೆಳಗೆ ದೇಹ, ಒಂದರ ಪಕ್ಕ ಒಂದು, ಕಂಬ ನೆಟ್ಟ ಹಾಗೆ. ಚಿಕ್ಕವ್ವ ಈಗ ಊಟಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಅರೆಯುವ ಸದ್ದು ನಿಂತರೆ ಮನೆಯವರೆಲ್ಲ ಕಿವಿಗೊಡುತ್ತಿದ್ದೆವು. ಮತ್ತೆ ಶುರುವಾದರೆ ಉಸಿರು ಬಿಡುತ್ತಿದ್ದೆವು, ಆದರೆ ಅದೇನು ಸಮಾಧಾನವಲ್ಲ. ಅಜ್ಜಿ ಆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಅವ್ವ ಅದನ್ನು ಕಂಡೂ ತೆಗೆಯಲಿಲ್ಲ.

ಆ ವರ್ಷ ಹೂಮಳೆ ಚೆನ್ನಾಗಿ ಬಿತ್ತು. ಕೆಲವೇ ದಿನಗಳಲ್ಲಿ ತೋಟಕ್ಕೆ ತೋಟವೇ ಬಿಳಿಯಾಯಿತು. ಕಾಫಿ ಹೂವಿನ ವಾಸನೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಅದು ಮನೆಯೊಳಗೆ ನುಗ್ಗಿ ಅನ್ನಕ್ಕೂ ನೀರಿಗೂ ಸೇರಿಕೊಳ್ಳುತ್ತದೆ. ಅಪ್ಪನಿಗೆ ಸಂತೋಷವೋ ಸಂತೋಷ. ಎಲ್ಲರಿಗೂ ಅಂಗಳದಲ್ಲೇ ಕಾಫಿ ಕೊಡಲು ಹೇಳಿದರು. ಚಿಕ್ಕವ್ವನೂ ಹೊರಗೆ ಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿ, ಲೋಟಕ್ಕೆ ಕೈ ಚಾಚಿದರು. ಲೋಟ ಕೈಗೆ ಬಂತು, ಹಾಗೇ ಜಾರಿ ಕಲ್ಲಿನ ಮೇಲೆ ಬಿತ್ತು. ಬಿಸಿ ಕಾಫಿ ಅವರ ಪಾದದ ಮೇಲೆ ಚೆಲ್ಲಿತು. ಅವರು ಪಾದ ನೋಡಿಕೊಳ್ಳಲಿಲ್ಲ, ಕೈ ನೋಡಿಕೊಂಡರು. ಬಲಗೈಯ ಮಣಿಕಟ್ಟು ಕೆಳಗೆ ಜೋತುಬಿದ್ದಿತ್ತು. ಎತ್ತಲು ಹೋದರು. ತೋಳು ಮೇಲೆ ಬಂತು; ಅಂಗೈ ಬರಲಿಲ್ಲ.

"ಏಳ್ತಾ ಇಲ್ಲ ಅಕ್ಕ," ಎಂದು ಅವ್ವನಿಗೆ ಹೇಳಿದರು. ಅಳಲಿಲ್ಲ. ಅಜ್ಜಿ ಅಂಗಳದಲ್ಲೇ ಕೂತು, ಹೇಳಿದ್ನಲ್ಲ, ಹೇಳಿದ್ನಲ್ಲ ಎನ್ನುತ್ತ ತಲೆ ಚಚ್ಚಿಕೊಂಡರು.

ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಿ ಅಪ್ಪ ಜೀಪು ತಂದರು. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಚಿಕ್ಕವ್ವ ಮಲಗಿದರು. ನನ್ನನ್ನು ಮುಂದೆ ಕೂರಿಸಿದರು. ಮಡಿಕೇರಿಯ ಡಾಕ್ಟರು ವಯಸ್ಸಾದವರು, ಕೊಡವರು, ಕನ್ನಡವನ್ನು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಕೈ ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ತುಟಿ ಎತ್ತಿ ಒಸಡು ನೋಡಿದರು.

"ಏನು ಕೆಲಸ ಮಾಡ್ತೀರಿ ಅಮ್ಮ? ಪೇಂಟಾ?"

"ಚಿತ್ರ ಬರೀತೇನೆ."

"ಬಿಳಿ ಪುಡಿ?"

ಚಿಕ್ಕವ್ವ ತಲೆಯಾಡಿಸಿದರು.

"ಅದು ಸೀಸ. ಮೂಗಿನಿಂದ, ಬಾಯಿಂದ ಒಳಗೆ ಹೋಗಿದೆ," ಎಂದು ಡಾಕ್ಟರು ಅಪ್ಪನ ಕಡೆ ತಿರುಗಿದರು. "ಇವತ್ತೇ ನಿಲ್ಲಿಸ್ಬೇಕು. ಹಾಲು ಕೊಡಿ, ಕೈಗೆ ದಬ್ಬೆ ಕಟ್ಟಿ, ಗಾಳಿ ಇರೋ ಕಡೆ ಮಲಗಿಸಿ. ಕೈ ಬರಬಹುದು, ಬರದೇ ಇರಬಹುದು. ಆದ್ರೆ ಮತ್ತೆ ಆ ಪುಡಿ ಮುಟ್ಟಿದ್ರೆ ತಲೆಗೆ ಏರ್ತದೆ. ಆಮೇಲೆ ನನ್ನ ಹತ್ರ ತರಬೇಡಿ."

ವಾಪಸು ಬರುವಾಗ ದಾರಿಯುದ್ದಕ್ಕೂ ಎರಡೂ ಕಡೆ ಬಿಳಿ ಹೂ. ಮನೆ ಹತ್ತಿರ ಬಂದಾಗ ಅವ್ವ ಕೇಳಿದರು:

"ನಿಂಗೆ ಗೊತ್ತಿತ್ತಾ ಯಮುನಾ? ಅದಕ್ಕೇ ಮಗೂಗೆ ಬಿಳಿ ಮುಟ್ಟಬೇಡ ಅಂತಿದ್ದಾ?"

"ಮದರಾಸಿನಲ್ಲಿ ಯಾರೋ ಹೇಳಿದ್ದರು, ಅದು ತಿನ್ನುತ್ತದೆ ಅಂತ. ಇಷ್ಟು ಬೇಗ ಅಂತ ಗೊತ್ತಿರ್ಲಿಲ್ಲ ಅಕ್ಕ."

ಅವ್ವ ಅವತ್ತೇ ಕೋಣೆಗೆ ಬೀಗ ಹಾಕಿ ಕೀಲಿಯನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡರು. ಉಳಿದಿದ್ದ ಬಿಳಿ ಡಬ್ಬಗಳನ್ನು ಅಪ್ಪ ಹೊರಗೆ ತೆಗೆಸಿ, ಕೋಳಿಗಳನ್ನು ಹೂಳಿಸಿದ್ದ ಕಡೆಯೇ ಗುಂಡಿ ತೋಡಿಸಿ ಮುಚ್ಚಿಸಿದರು. ಎಲ್ಲ ಗೊತ್ತಾದ ಮೇಲೆ ಅಜ್ಜಿ ತುಂಬಾ ಬದಲಾದರು. ಬೇವಿನ ಸೊಪ್ಪು ಕಿತ್ತು ಬಿಸಾಡಿದರು. ಚಿಕ್ಕವ್ವನನ್ನು ಜಗಲಿಯ ತಮ್ಮ ಮಂಚದ ಮೇಲೆ ಮಲಗಿಸಿ, ಹಸುವಿನ ಹಾಲು ಕಾಯಿಸಿ, ಲೋಟವನ್ನು ತಾವೇ ಹಿಡಿದು ಕುಡಿಸುತ್ತಿದ್ದರು. ಮನುಷ್ಯರು ತಂದಿಟ್ಟ ವಿಷ ಎಂದು ಗೊತ್ತಾದ ಮೇಲೆ ಅವರ ಹೆದರಿಕೆ ಹೋಯಿತು, ಸಿಟ್ಟು ಬಂತು. ನನಗೆ ಮಾತ್ರ ಆಗ ಹೆದರಿಕೆ ಹುಟ್ಟಿತು. ಚಿಕ್ಕವ್ವ ಹಾಲು ಕುಡಿಯುವಾಗ, ತಲೆ ಬಾಚಿಸಿಕೊಳ್ಳುವಾಗ, ನನಗೆ ಲೆಕ್ಕ ಹೇಳಿಕೊಡುವಾಗ, ಅವರ ಕಣ್ಣು ಮಾತ್ರ ಆ ಬೀಗದ ಮೇಲೇ ಇರುತ್ತಿತ್ತು. ಒಂದು ಸಲ ಎಡಗೈಯಲ್ಲಿ ಇದ್ದಿಲು ಹಿಡಿದು ಜಗಲಿಯ ನೆಲದ ಮೇಲೆ ಒಂದು ಗೆರೆ ಎಳೆದರು. ಅದು ನಡುಗಿತ್ತು. ಕಾಲಿನಿಂದ ಅಳಿಸಿದರು. ಮತ್ತೆ ಎಳೆದರು. ದಿನದಿನವೂ ಅಷ್ಟಷ್ಟೇ ನಡುಕ ಕಡಿಮೆಯಾಗುತ್ತ ಬಂತು.

ಲಾರಿ ಬಂದದ್ದು ಒಂದು ಬೆಳಿಗ್ಗೆ. ಅಪ್ಪ ಉಳಿದ ಕಾಫಿ ಮೂಟೆಗಳನ್ನು ಮೈಸೂರಿಗೆ ಕಳಿಸುವುದಿತ್ತು. ಅದೇ ಲಾರಿಯಲ್ಲಿ ದೊಡ್ಡ ಚಿತ್ರವನ್ನೂ ಹಾಕಿಕೊಂಡು ಹೋಗೋಣವೆಂದು ಚಿಕ್ಕಪ್ಪ ಮೇಷ್ಟ್ರ ಜೊತೆ ಬಂದರು. ಕೈಯ ವಿಷಯ ಚಿಕ್ಕಪ್ಪನಿಗೆ ತಂತಿಯಲ್ಲಿ ಗೊತ್ತಾಗಿತ್ತು. ಮೆಟ್ಟಿಲು ಹತ್ತಿ ಬಂದವರು ದಬ್ಬೆ ಕಟ್ಟಿದ ಕೈ ನೋಡಿ ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತರು. ಅದು ನಿಜವಾದ ಅಳು. ಮೇಷ್ಟ್ರು ಕಂಬದ ಪಕ್ಕ ನಿಂತಿದ್ದರು. ಅವರು ಚಿಕ್ಕವ್ವನ ಕೈ ನೋಡಿದರು, ಉಗುರುಗಳ ಸಂದಿಯಲ್ಲಿ ಇನ್ನೂ ಉಳಿದಿದ್ದ ಬಿಳಿ ನೋಡಿದರು, ಆಮೇಲೆ ಅಳುತ್ತಿದ್ದ ಚಿಕ್ಕಪ್ಪನ ಶುಭ್ರವಾದ ಕೈಗಳನ್ನು ನೋಡಿದರು.

"ಅಮ್ಮಾ," ಎಂದು ಕೇಳಿದರು, "ಆ ಚಿತ್ರಗಳೆಲ್ಲ ನೀವು ಬರೆದದ್ದಾ?"

ಚಿಕ್ಕಪ್ಪ ಅಳು ನಿಲ್ಲಿಸಿದರು. ಲಾರಿಗೆ ಮೂಟೆ ಹೊರುತ್ತಿದ್ದವರೂ ನಿಂತರು.

"ಹೌದು," ಎಂದರು ಚಿಕ್ಕವ್ವ.

ಮೇಷ್ಟ್ರು ಕರಿ ಕೋಟಿನ ಗುಂಡಿ ಹಾಕಿಕೊಂಡರು, ತೆಗೆದರು. ಕೊನೆಗೆ ಹೇಳಿದರು:

"ಆಮಂತ್ರಣ ಎಲ್ಲ ಶಂಕರನ ಹೆಸರಲ್ಲಿ ಅಚ್ಚಾಗಿಬಿಟ್ಟಿದೆ."

ಅಷ್ಟೇ. ಎಲ್ಲ ಗೊತ್ತಾದ ಮೇಲೂ ಒಬ್ಬರು ಹೀಗೆ ಸುಮ್ಮನಾಗಬಹುದು ಎಂದು ನನಗೆ ಮೊದಲು ತಿಳಿದದ್ದು ಆಗ. ಅಜ್ಜಿ ಎದ್ದು ನಿಂತರು.

"ಪಟ ಬೇಕೇನ್ಲಾ ಶಂಕರ? ತಗೊಂಡೋಗು. ಎಲ್ಲಾನೂ ತಗೊಂಡೋಗು. ಈ ಹುಡುಗೀನ ಮಾತ್ರ ಕೇಳಬ್ಯಾಡ. ಇವ್ಳು ಇನ್ನು ಈ ಮನೆ ಮಗಳು."

ಮಂಚದ ಮೇಲಿದ್ದ ಚಿಕ್ಕವ್ವ ಕಾಲು ಕೆಳಗೆ ಬಿಟ್ಟರು. ಅಜ್ಜಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅವ್ವನ ಮುಂದೆ ಹೋಗಿ ಎಡಗೈ ಚಾಚಿದರು.

"ಕೀಲಿ ಕೊಡಿ ಅಕ್ಕ."

"ಬೇಡ ಯಮುನಾ."

"ಅದು ಮುಗೀಲಿಲ್ಲ, ಮದರಾಸಿಗೆ ಹೋಗಿ ಮುಗಿಸ್ತೇನೆ. ಸಾಲಿನ ಕೊನೇಲಿ ಇನ್ನೊಬ್ಬಳು ನಿಲ್ಲಬೇಕು. ಅವಳು ಬಾರದೆ ಅದನ್ನು ಕಳಿಸಿದ್ರೆ ಮುಗೀತು ಅಂತಲೇ ತಿಳ್ಕೊಳ್ತಾರೆ."

"ಮುಗೀದಿದ್ರೆ ಏನಾಯ್ತೇ? ಡಾಕ್ಟ್ರು ಹೇಳಿದ್ದು ಮರೆತ್ಯಾ?"

"ಮರೀಲಿಲ್ಲ. ಎಡಗೈ ಏಳ್ತದೆ ಅಕ್ಕ. ಎಡಗೈ ಇನ್ನೂ ಏಳ್ತದೆ."

ಅವ್ವ ಅವರ ಮುಖವನ್ನೇ ನೋಡುತ್ತಿದ್ದರು. ಏನು ಕಂಡರೋ ಗೊತ್ತಿಲ್ಲ. ಕುತ್ತಿಗೆಗೆ ಕೈ ಹಾಕಿ, ದಾರದ ಗಂಟು ಬಿಚ್ಚಿ, ಕೀಲಿಯನ್ನು ಆ ಎಡಗೈಯಲ್ಲಿಟ್ಟರು. ಯಾಕೆ ಕೊಟ್ಟೆ ಎಂದು ಆಮೇಲೆ ಅಜ್ಜಿ ಎಷ್ಟೋ ಸಲ ಕೇಳಿದರು, ಅಪ್ಪನೂ ಕೇಳಿದರು. ಅವ್ವ ಒಂದೇ ಉತ್ತರ ಕೊಡುತ್ತಿದ್ದರು: ಕೊಡದೆ ಇದ್ದಿದ್ರೆ ಬಾಗ್ಲು ನೋಡ್ತಾನೇ ಸಾಯ್ತಿದ್ಲು.

ಮೂಟೆಗಳ ಮೇಲೆ ದೊಡ್ಡ ಚಿತ್ರವನ್ನು ಹಾಸಿ, ದಪ್ಪಗೆ ಬಳಿದ ಒಂದು ಬದಿಯ ಬಣ್ಣ ಇನ್ನೂ ಒಣಗಿರಲಿಲ್ಲವಾದ್ದರಿಂದ, ಟಾರ್ಪಾಲು ತಾಗದಂತೆ ಬಿದಿರು ಕಟ್ಟಿದರು. ಡ್ರೈವರ್ ಪಕ್ಕದ ಸೀಟನ್ನು ಚಿಕ್ಕಪ್ಪ ಚಿಕ್ಕವ್ವನಿಗೆಂದು ಒರೆಸಿ ಬಿಟ್ಟಿದ್ದರು. ಅವರು ಅಲ್ಲಿ ಕೂರಲಿಲ್ಲ. ಇಬ್ಬರು ಆಳುಗಳು ಕೈ ಹಿಡಿದು ಹತ್ತಿಸಿದ ಮೇಲೆ ಹಿಂದೆ, ಮೂಟೆಗಳ ಮಧ್ಯೆ, ಚಿತ್ರದ ಹಸಿ ಬದಿಯನ್ನು ಕಾಯುತ್ತ ಕೂತರು. ಲಾರಿ ಹೊರಟಿತು. ಅವ್ವ ನನ್ನ ಭುಜವನ್ನು ಬಲವಾಗಿ ಹಿಡಿದಿದ್ದರು. ಚಿಕ್ಕವ್ವ ನಮ್ಮ ಕಡೆ ತಿರುಗಿ ನೋಡುತ್ತಾರೆಂದು ಕಾದೆ. ಅವರು ಚಿತ್ರವನ್ನೇ ನೋಡುತ್ತಿದ್ದರು.

ಮಳೆಗಾಲ ಮುಗಿದು, ಮುಂದಿನ ಕಾಫಿ ಹಣ್ಣಾಗುವ ಮೊದಲೇ ಚಿಕ್ಕವ್ವ ತೀರಿಕೊಂಡರೆಂದು ತಂತಿ ಬಂತು. ಕೊನೆಕೊನೆಗೆ ಯಾರ ಗುರುತೂ ಇರಲಿಲ್ಲವಂತೆ. ಅಪ್ಪ ಒಬ್ಬರೇ ಮದರಾಸಿಗೆ ಹೋಗಿ ಬಂದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ, ಚಿತ್ರದಲ್ಲಿ ಸಾಲಿನ ಕೊನೆಯವಳು ಬಂದಿದ್ದಾಳಾ ಎಂದು. ಬಂದಿದ್ದಾಳೆ ಎಂದರು ಅಪ್ಪ. ಅವ್ವ ಸೆರಗಿನಲ್ಲಿ ಮುಖ ಒತ್ತಿಕೊಂಡು ಒಳಗೆ ಹೋದರು. ಚಿಕ್ಕಪ್ಪ ಮತ್ತೆ ನಮ್ಮ ಮನೆಯೊಳಗೆ ಬರಲಿಲ್ಲ. ಅಜ್ಜಿ ತೀರಿಕೊಂಡಾಗ ಬಂದು ಅಂಗಳದಲ್ಲೇ ನಿಂತು ಹೋದರು. ದೊಡ್ಡ ಹೆಸರು ಮಾಡಿದರು, ಬಹುಮಾನಗಳು ಬಂದವು, ವಯಸ್ಸಾಗಿ ತೀರಿಕೊಂಡರು. ಅಷ್ಟು ಕಾಲವೂ ಬೆಟ್ಟ, ಕೆರೆಗಳನ್ನೇ ಬರೆದರು.

ಹೋದ ವರ್ಷ, ಆ ಗುಂಪಿನ ಮೇಲೆ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಮೈಸೂರಿನ ನನ್ನ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ. ತುಂಬಾ ಓದಿಕೊಂಡಿದ್ದಳು. ಶಂಕರ ಅವರ ಅಣ್ಣನ ಮಗಳು ಎಂದು ನನ್ನನ್ನು ಹುಡುಕಿಕೊಂಡು ಬಂದಿದ್ದಳು.

"ಅಜ್ಜಿ, ಆ ಒಂದು ದೊಡ್ಡ ಚಿತ್ರ ಆದ್ಮೇಲೆ ಅವರ ಶೈಲಿ ಪೂರ್ತಿ ಬದಲಾಗುತ್ತೆ. ಕಪ್ಪು ಗೆರೆ ಮತ್ತೆ ಬರೋದೇ ಇಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಮನೇಲಿ ಏನಾದ್ರೂ ಆಗಿತ್ತಾ?"

"ಆ ವರ್ಷ ನಮ್ಮ ಚಿಕ್ಕವ್ವ ತೀರಿಕೊಂಡರು."

"ಅಯ್ಯೋ. ಹೆಂಡತಿ ಹೋದ ದುಃಖಕ್ಕೆ ಬಿಟ್ಟುಬಿಟ್ರು ಅನ್ಸುತ್ತೆ ಅಲ್ವಾ?" ಎಂದು ಅವಳು ಪೆನ್ನು ತೆರೆದಳು.

"ಇಲ್ಲ ಮಗಳೇ. ಬರೀತಿದ್ದೋರು ಹೋದರು."

ಅವಳ ಪೆನ್ನು ಕಾಗದದ ಮೇಲೆ ನಿಂತಿತು. ನನ್ನ ಮುಖ ನೋಡಿದಳು.

"ಯಮುನಾ," ಎಂದೆ. "ಮೊದಲು ಹೆಸರು ಬರ್ಕೋ. ಆಮೇಲೆ ಹೇಳ್ತೀನಿ."